ಮೀನಮೇಷ ಎಣಿಸದ ರಾಯರು

ಪೊರಕೆಯನ್ನೇ ತೊಳೆದು ಬಿಸಿಲಿಗೆ ಹಾಕುವವರನ್ನು ನೀವು ನೋಡಿರಲಿಕ್ಕಿಲ್ಲ. ನಮ್ಮ ರಸ್ತೆಯಲ್ಲಿ ಒಬ್ಬರಿದ್ದಾರೆ. ಹಾಲಿನ ಪ್ಯಾಕೆಟ್ಟಿಗೆ ಸೋಪು ಹಚ್ಚಿ ತೊಳೆಯದೆ ಫ್ರಿಜ್ಜಿನೊಳಗೆ ಬಿಟ್ಟುಕೊಳ್ಳುವವರಲ್ಲ. ಮಳೆ ಬಂದು ಅಂಗಳ ತೊಳೆದಂತಾಯಿತು ಎಂದು ಉಳಿದವರೆಲ್ಲ ಸಮಾಧಾನಪಡುವ ಹೊತ್ತಿಗೆ, ಮಳೆನೀರಿನ ಕಲೆ ಹೋಗಲೆಂದು ಅಂಗಳಕ್ಕೆ ಪೈಪು ಹಿಡಿದು ನಿಂತಿರುತ್ತಾರೆ. ಇಂಥವರು ರಾಜಾಜಿನಗರದ ಆಸ್ತಿಯೇನೂ ಅಲ್ಲ, ನಿಮ್ಮ ಬಡಾವಣೆಯಲ್ಲೂ ಒಬ್ಬರು ಇದ್ದೇ ಇರುತ್ತಾರೆ; ಬೆಳಗ್ಗೆ ಆರು ಗಂಟೆಗೆ ಯಾರ ಮನೆ ಮುಂದೆ ರಸ್ತೆಯೂ ಒದ್ದೆಯಾಗಿರುತ್ತದೋ ಅದೇ ಅವರ ಮನೆ. ನಮ್ಮವರನ್ನು ಸುಮ್ಮನೆ ರಾಯರು ಎನ್ನೋಣ. ಪೂರ್ತಿ ಹೆಸರು ಬೇಡ. ಅವರು ಪತ್ರಿಕೆ ಓದುತ್ತಾರೆ, ಓದಿದ್ದಕ್ಕೆಲ್ಲ ಆಕ್ಷೇಪಣೆ ಬರೆಯುತ್ತಾರೆ.

ಆಕ್ಷೇಪಣೆ ಬರೆಯುವುದೇ ಅವರ ಉದ್ಯೋಗವಾಗಿತ್ತು. ಲೆಕ್ಕಪರಿಶೋಧನೆಯಲ್ಲಿ ಸರ್ವಿಸು ಮುಗಿಸಿ ನಿವೃತ್ತರಾದವರು. ವೋಚರ್ ಇಲ್ಲದ ಖರ್ಚು ಖರ್ಚಲ್ಲ, ಕಣ್ಣಿಗೆ ಕಾಣದ್ದು ಇಲ್ಲವೇ ಇಲ್ಲ ಎಂಬುದು ಅವರ ವೇದಾಂತ. ಕಂಡದ್ದನ್ನು ಮಾತ್ರ ಬಿಡುವುದಿಲ್ಲ. ನಿವೃತ್ತಿಯ ಮೇಲೆ ಪರಿಶೋಧಿಸಲು ಇಲಾಖೆಗಳಿಲ್ಲದೆ ಹವ್ಯಾಸಗಳನ್ನು ಹಿಡಿದುಕೊಂಡರು. ಮೊದಲು ತಾರಸಿ ತೋಟ. ಎಲೆಗಳ ಮೇಲೆ ಧೂಳು ಕೂರುತ್ತದೆಂದು ದಿನಾ ಒದ್ದೆ ಬಟ್ಟೆಯಲ್ಲಿ ಒರೆಸಿದರು; ಟೊಮೆಟೊ ಗಿಡಗಳು ಆ ಪ್ರೀತಿಯನ್ನು ತಾಳಲಾರದೆ ಹೋದವು. ಆಮೇಲೆ ಜೇನು ಸಾಕುವ ಮಾತು ಬಂದಿತ್ತು. ಪೆಟ್ಟಿಗೆಯನ್ನು ವಾರಕ್ಕೊಮ್ಮೆ ತೊಳೆಯಬಹುದೋ ಎಂದು ತರಬೇತಿ ಕೊಡುವವರನ್ನು ಇವರು ಕೇಳಿದ ಮೇಲೆ ಅವರೇ ಫೋನ್ ಎತ್ತುವುದನ್ನು ಬಿಟ್ಟರಂತೆ. ಜೇನುಗಳ ಪುಣ್ಯ.

2024ರ ಬೇಸಿಗೆಯಲ್ಲಿ ಅಕ್ವೇರಿಯಂ ಬಂತು. ಮೊಮ್ಮಗ ರಜಕ್ಕೆ ಬರುವವನಿದ್ದ, ಡಾಕ್ಟರು ಬಿ.ಪಿ. ಹೆಚ್ಚಿದೆ ಎಂದಿದ್ದರು, ವಾಸ್ತು ನೋಡುವ ಜೋಯಿಸರೊಬ್ಬರು ಈಶಾನ್ಯ ಮೂಲೆಯಲ್ಲಿ ಮೀನು ಇಟ್ಟರೆ ಮನೆಗೆ ಒಳ್ಳೆಯದು ಎಂದಿದ್ದರು: ಎಂಟು ಹೊನ್ನಿನ ಬಣ್ಣದವು, ಒಂದು ಕಪ್ಪು. ಕಪ್ಪು ಮೀನು ಮನೆಯ ಮೇಲೆ ಬೀಳುವ ದೃಷ್ಟಿಯನ್ನೆಲ್ಲ ತನ್ನ ಮೇಲೆ ಎಳೆದುಕೊಂಡು ಸಾಯುತ್ತದೆ, ಸತ್ತರೆ ಮನೆಯ ಕಂಟಕ ಕಳೆಯಿತೆಂದು ಲೆಕ್ಕ. ಮೂರು ಕಾರಣಗಳೂ ಒಂದೇ ವಾರದಲ್ಲಿ ಕೂಡಿಬಂದವು. ನಿಮ್ಮಂಥವರು, ನನ್ನಂಥವರು ಆಗಲೂ ಎರಡು ತಿಂಗಳು ಯೋಚನೆ ಮಾಡುತ್ತಿದ್ದೆವು. ರಾಯರು ಬೆಳಗ್ಗೆ ತೀರ್ಮಾನಿಸಿ ಸಂಜೆಗೆ ಆಟೋದಲ್ಲಿ ಎರಡಡಿ ಗಾಜಿನ ತೊಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ಬಂದಿಳಿದರು. ಜೊತೆಗೆ ಬಣ್ಣಬಣ್ಣದ ಜಲ್ಲಿಕಲ್ಲು, ಪ್ಲಾಸ್ಟಿಕ್ ಗಿಡಗಳು, ಗುಳ್ಳೆ ಬಂದಾಗೆಲ್ಲ ಬಾಯಿ ತೆರೆಯುವ ನಿಧಿಯ ಪೆಟ್ಟಿಗೆ, ಸ್ಪಂಜಿನ ಫಿಲ್ಟರು, ನೀಲಿ ಔಷಧಿ, ಹಳದಿ ಔಷಧಿ, ಮತ್ತು ಗಾಳಿ ತುಂಬಿದ ಕವರಿನಲ್ಲಿ ಒಂಬತ್ತು ಗೋಲ್ಡ್‌ಫಿಶ್.

“ಇವತ್ತೇ ಬಿಡಬಹುದೇನಪ್ಪಾ?” ಎಂದು ಅಂಗಡಿಯ ಹುಡುಗನನ್ನು ಕೇಳಿದ್ದರಂತೆ.

“ಆರಾಮಾಗಿ ಬಿಡಿ ಸಾರ್. ನೀರು ಹಾಕಿ, ಈ ಡ್ರಾಪ್ಸ್ ಹಾಕಿ, ಕವರನ್ನ ಅರ್ಧ ಗಂಟೆ ತೇಲಿಬಿಟ್ಟು ಆಮೇಲೆ ಮೀನು ಬಿಡಿ. ಅಡ್ಜಸ್ಟ್ ಆಗುತ್ತೆ.”

ಅಡ್ಜಸ್ಟ್ ಆಗುತ್ತೆ ಎಂಬ ಮಾತನ್ನು ನಂಬಿ ಬಾಡಿಗೆ ಮನೆ ಹಿಡಿದವರಿದ್ದಾರೆ, ಮದುವೆ ಆದವರಿದ್ದಾರೆ. ರಾಯರು ನಂಬಿದ್ದು ಹೆಚ್ಚಲ್ಲ.

ಆ ರಾತ್ರಿ ಸಂಭ್ರಮ ತಡೆಯಲಾರದೆ ಶಿವಮೊಗ್ಗದ ಅಕ್ಕನಿಗೆ ಫೋನ್ ಮಾಡಿ, “ಅಕ್ಕಾ, ಮನೆಗೆ ಒಂಬತ್ತು ಮೀನು ತಂದೆ” ಎಂದರು. ಎಂಬತ್ತು ದಾಟಿದ, ಈರುಳ್ಳಿಯನ್ನೂ ಮನೆಯೊಳಗೆ ಸೇರಿಸದ ಆ ಮಡಿಹೆಂಗಸು ಏನೂ ಮಾತನಾಡದೆ ಫೋನ್ ಇಟ್ಟರು. ಸಾಕುವುದಕ್ಕೆ ತಂದದ್ದು ಎಂದು ತಿಳಿಹೇಳಲು ಮಾರನೆಯ ದಿನ ರಾಯರ ಹೆಂಡತಿಯೇ ಮಾತಾಡಬೇಕಾಯಿತು.

ತೊಟ್ಟಿಗೆ ತುಂಬಿದ್ದು ಕಾವೇರಿ ನೀರು. ಆ ಬೇಸಿಗೆ ಬೆಂಗಳೂರಿನಲ್ಲಿ ನೀರಿನ ಕಥೆ ಏನಾಗಿತ್ತೆಂದು ಹೇಳಬೇಕಿಲ್ಲ. ಮಾರ್ಚಿನಲ್ಲಿ ಜಲಮಂಡಳಿ ಕುಡಿಯುವ ನೀರಿನಲ್ಲಿ ವಾಹನ ತೊಳೆದರೆ, ಗಿಡಕ್ಕೆ ಹಾಕಿದರೆ, ಕಾರಂಜಿ ಚಿಮ್ಮಿಸಿದರೆ 5,000 ರೂಪಾಯಿ ದಂಡ ಎಂದು ಆದೇಶ ಹೊರಡಿಸಿತ್ತು. ತೊಟ್ಟಿಯ ಏರ್ ಪಂಪಿನಿಂದ ಏಳುವ ಗುಳ್ಳೆಗಳು ಕಾರಂಜಿಯ ವ್ಯಾಪ್ತಿಗೆ ಬರುತ್ತವೆಯೋ ಎಂಬ ಪ್ರಶ್ನೆ ರಾಯರಿಗೆ ಎರಡು ರಾತ್ರಿ ನಿದ್ದೆ ಕೆಡಿಸಿತು. ಕೊನೆಗೆ, ನೀರು ತೊಟ್ಟಿಯ ಮೇಲಂಚನ್ನು ದಾಟಿ ಚಿಮ್ಮುವುದಿಲ್ಲವಾದ್ದರಿಂದ ಕಾರಂಜಿಯಲ್ಲ ಎಂದು ತಾವೇ ಟಿಪ್ಪಣಿ ಬರೆದು, ತಾವೇ ಸಹಿ ಹಾಕಿ, ಕಡತ ಮುಗಿಸಿದರು.

ಮೊದಲ ಮೂರು ದಿನ ರಸ್ತೆಯವರೆಲ್ಲ ಹೋಗಿ ನೋಡಿಬಂದೆವು. ನೀರು ಇದೆಯೋ ಇಲ್ಲವೋ ಎನ್ನುವಷ್ಟು ತಿಳಿ. “ನೋಡಿ, ಆ ಕಡೆ ಗೋಡೆಯ ಕ್ಯಾಲೆಂಡರಿನಲ್ಲಿ ಏಕಾದಶಿ ಯಾವತ್ತು ಅಂತ ನೀರಿನ ಮೂಲಕ ಓದಬಹುದು” ಎಂದು ರಾಯರು ಓದಿಸಿದರು. ನಾವೂ ಓದಿದೆವು. ತಿಳಿಯಾಗಿರುವುದೆಲ್ಲ ಶುದ್ಧ ಎಂಬ ಮೂಢನಂಬಿಕೆಯಲ್ಲಿ ನಮ್ಮ ಇಡೀ ರಸ್ತೆಯೇ ಅವರಿಗೆ ಶಿಷ್ಯಕೋಟಿ.

ಮೊಮ್ಮಗ ಬಂದ. ಶೃಂಗೇರಿಯಲ್ಲಿ ತುಂಗೆಯ ಮೀನುಗಳಿಗೆ ಪುರಿ ಹಾಕಿದ್ದು ಅವನಿಗೆ ನೆನಪಿತ್ತು. ಹಿಡಿ ಹಿಡಿ ಪುರಿ ಬಿತ್ತು. ಅಂಗಡಿಯವನು ಕೊಟ್ಟ ಕೆಂಪು ಕಾಳೂ ಬಿತ್ತು. ತುಂಗೆಯಲ್ಲಾದರೆ ತಿಂದದ್ದು, ಬಿಟ್ಟದ್ದು, ಹೇತದ್ದು ಎಲ್ಲವನ್ನೂ ಹರಿಯುವ ನೀರು ಹೊತ್ತುಕೊಂಡು ಹೋಗುತ್ತದೆ. ರಾಯರ ಎರಡಡಿ ತುಂಗೆ ಐವತ್ತು ಚಿಲ್ಲರೆ ಲೀಟರಿನದು. ಅಲ್ಲಿ ಹುಟ್ಟಿದ್ದು ಅಲ್ಲೇ ಇರಬೇಕು. ಮೀನಿನ ಹೊಲಸು ಎಂದರೆ ಕೆಳಗೆ ಬೀಳುವ ದಾರದಂಥದ್ದು ಮಾತ್ರ ಎಂದು ನಾವು ತಿಳಿಯುತ್ತೇವೆ. ಆದರೆ ಅದರ ಮೈಯ ಅಮೋನಿಯದ ಬಹುಪಾಲು ಕಿವಿರುಗಳಿಂದಲೇ, ಉಸಿರಿನ ಜೊತೆಜೊತೆಗೇ ನೀರಿಗೆ ಸೇರುತ್ತದೆ. ಅದಕ್ಕೆ ಬಣ್ಣವಿಲ್ಲ. ವೋಚರೂ ಇಲ್ಲ.

ನಾಲ್ಕನೆಯ ದಿನ ಮೀನುಗಳು ಮೇಲಕ್ಕೆ ಬಂದು ಬಾಯಿ ಬಾಯಿ ಬಿಡತೊಡಗಿದವು.

“ಪಾಪ, ಹಸಿವು,” ಎಂದರು ರಾಯರು. ಇನ್ನೊಂದು ಚಮಚ ಕಾಳು ಹಾಕಿದರು.

ಅಮೋನಿಯ ಕಿವಿರನ್ನು ಸುಟ್ಟು ಉಸಿರು ಕಟ್ಟುತ್ತಿದ್ದ ಜೀವಗಳಿಗೆ ಅದು ಕೊನೆಯ ಉಪಚಾರ. ರಾತ್ರಿ ಎರಡು ಹೋದವು. ರಾಯರು ಉದ್ದನೆಯ ಪುಸ್ತಕವೊಂದನ್ನು ತಂದು ಗೆರೆ ಹಾಕಿದರು: ಆರಂಭಿಕ ಶಿಲ್ಕು 9, ವಜಾ 2, ಅಂತಿಮ ಶಿಲ್ಕು 7, ಷರಾ: ‘ಕಾರಣ ತಿಳಿದುಬಂದಿಲ್ಲ’. ಸತ್ತವನ್ನು ಹಿತ್ತಲ ದಾಸವಾಳದ ಬುಡದಲ್ಲಿ ಹೂಳಿ, ಸ್ನಾನ ಮಾಡಿ, ಪಂಚೆ ಎತ್ತಿ ಕಟ್ಟಿ ತೊಟ್ಟಿಯ ಕಡೆ ತಿರುಗಿದರು. ಸಾವಿಗೆ ಅವರ ಬಳಿ ಇದ್ದ ಮದ್ದು ಒಂದೇ. ತೊಳೆಯುವುದು.

ಆ ತೊಳೆತವನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು, ಯಾಕೆಂದರೆ ಅಷ್ಟು ನಿಷ್ಠೆಯ ಕೆಲಸವನ್ನು ನಾನು ಸರ್ಕಾರಿ ವಲಯದಲ್ಲಾಗಲಿ ಖಾಸಗಿ ವಲಯದಲ್ಲಾಗಲಿ ಕಂಡಿಲ್ಲ. ಮೀನುಗಳನ್ನು ಪ್ಲಾಸ್ಟಿಕ್ ಜರಡಿಯಲ್ಲಿ ಎತ್ತಿ ಬಕೆಟ್ಟಿಗೆ ಹಾಕುವರು. ನೀರನ್ನೆಲ್ಲ ಚೆಲ್ಲುವರು, ಚೆಲ್ಲುವರು ಎಂದೆನೇ? ಕೊಡದಲ್ಲಿ ಹಿಡಿದು ಸ್ಕೂಟರ್ ತೊಳೆಯುವರು, ಪಕ್ಕದಲ್ಲಿ ‘ಇದು ಮೀನಿನ ನೀರು, ಕುಡಿಯುವ ನೀರಲ್ಲ’ ಎಂಬ ರಟ್ಟಿನ ಬೋರ್ಡು. ಜಲ್ಲಿಕಲ್ಲನ್ನು ಅಕ್ಕಿ ತೊಳೆದ ಹಾಗೆ ಏಳು ನೀರಿನಲ್ಲಿ ಜಾಲಿಸುವರು. ಪ್ಲಾಸ್ಟಿಕ್ ಗಿಡಗಳ ಎಲೆ ಎಲೆಗೂ ಹಳೆಯ ಹಲ್ಲುಜ್ಜುವ ಬ್ರಷ್ಷು. ನಿಧಿಯ ಪೆಟ್ಟಿಗೆಯ ಕೀಲಿಗೆ ಬೆಂಕಿಕಡ್ಡಿಯ ತುದಿಗೆ ಹತ್ತಿ. ಫಿಲ್ಟರಿನ ಸ್ಪಂಜನ್ನಂತೂ ಕುದಿಯುವ ನೀರಿನಲ್ಲಿ ಅದ್ದಿ, ಹಿಂಡಿ, ಬಿಸಿಲಿಗೆ ಹರವಿ, ಸಂಜೆ ಮೂಸಿ ನೋಡಿ “ಹೊಸದರ ಹಾಗಿದೆ” ಎನ್ನುವರು. ಆಮೇಲೆ ಪೂರ್ತಿ ಹೊಸ ನೀರು. ಮೂರು ದಿನಕ್ಕೊಮ್ಮೆ ಈ ಸೇವೆ.

ಅವರ ಮನೆಗೆಲಸಕ್ಕೆ ಬರುವ ಮಂಡ್ಯ ಕಡೆಯ ಹೆಣ್ಣುಮಗಳು ಒಂದು ದಿನ ನೆಲ ಒರೆಸುವುದನ್ನು ನಿಲ್ಲಿಸಿ ನೋಡುತ್ತ ನಿಂತಳು.

“ನಮ್ಮೂರ್ ಕೆರೆಯ ಯಾರೂ ಉಜ್ಜಿ ತೊಳೆಯಾಕಿಲ್ಲ ಸೋಮಿ,” ಎಂದಳು. “ಆದ್ರೂ ಮೀನವೆ.”

“ಕೆರೆ ಬೇರೆ, ಇದು ಬೇರೆ,” ಎಂದರು ರಾಯರು. ಅಲ್ಲಿಗೆ ಆ ಆಕ್ಷೇಪಣೆ ಇತ್ಯರ್ಥವಾಯಿತು.

ಒಂದು ತೊಳೆತದ ದಿನ ಕ್ಲೋರಿನ್ ತೆಗೆಯುವ ಡ್ರಾಪ್ಸ್ ಹಾಕುವುದು ಮರೆತುಹೋಯಿತು. ತೊರೆಕಾಡನಹಳ್ಳಿಯಿಂದ ಸುಮಾರು ನೂರು ಕಿಲೋಮೀಟರ್ ಕೊಳವೆಯಲ್ಲಿ ಹರಿದು, ನಡುವೆ ಐನೂರು ಮೀಟರಿನಷ್ಟು ಎತ್ತರಕ್ಕೆ ಪಂಪಾಗಿ ಬರುವ ನೀರಿಗೆ ನಮ್ಮ ಹೊಟ್ಟೆ ಕೆಡದಿರಲೆಂದು ಕ್ಲೋರಿನ್ ಬೆರೆಸಿರುತ್ತಾರೆ. ನಮಗೆ ಅದು ರಕ್ಷೆ. ನೀರನ್ನೇ ಉಸಿರಾಡುವ ಮೀನಿನ ಕಿವಿರಿಗೆ ಅದೇ ಉರಿ. ಅಂಗಡಿಯ ಡ್ರಾಪ್ಸಿನಲ್ಲಿರುವುದು ಸಾಮಾನ್ಯವಾಗಿ ಸೋಡಿಯಂ ಥಯೋಸಲ್ಫೇಟ್, ಕೆಲವೇ ಹನಿ ಸಾಕು; ಆದರೆ ಹನಿಗಳು ಬಾಟಲಿಯಲ್ಲೇ ಉಳಿದವು. ಒಂದು ಮೀನು ಹೋಯಿತು. “ಮನುಷ್ಯರು ಕುಡಿಯೋ ನೀರಲ್ರೀ, ಅದರಲ್ಲಿ ಮೀನು ಸಾಯೋದು ಅಂದ್ರೇನು?” ಎಂದು ನನ್ನನ್ನೇ ಗದರಿದರು. ಅವರ ಗದರಿಕೆಗೆ ಮೂವತ್ತೈದು ವರ್ಷದ ಅನುಭವವಿದೆ. ನಾನು ಕ್ಷಮೆ ಕೇಳಿದೆ.

ಅಂತಿಮ ಶಿಲ್ಕು ಆರು. ಅಂಗಡಿಯ ಹುಡುಗ ಫೋನಿನಲ್ಲೇ ರೋಗ ಕಂಡುಹಿಡಿದ: “ನೀರು ಹುಳಿ ಆಗಿರುತ್ತೆ ಸಾರ್, ಸ್ವಲ್ಪ ಸೋಡಾ ಹಾಕಿ ನೋಡಿ.” ಬೋಂಡಕ್ಕೆಂದು ತಂದಿಟ್ಟಿದ್ದ ಅಡುಗೆ ಸೋಡಾ ಡಬ್ಬಿ ಸಮೇತ ಹಜಾರಕ್ಕೆ ಬಂತು. ಸ್ವಲ್ಪ ಎಂಬ ಅಳತೆಯನ್ನು ರಾಯರು ಒಪ್ಪುವವರಲ್ಲ. ಎರಡು ಚಮಚ ತಲೆತಟ್ಟಿ ಹಾಕಿದರು. ಇಲ್ಲೊಂದು ರಸಾಯನಶಾಸ್ತ್ರದ ಕಿತಾಪತಿ ಇದೆ. ನೀರಿನಲ್ಲಿರುವ ಅಮೋನಿಯಕ್ಕೆ ಎರಡು ವೇಷ, ಒಂದು ಅಷ್ಟೇನೂ ಕೇಡು ಮಾಡದ್ದು, ಇನ್ನೊಂದು ವಿಷ. 25 ಡಿಗ್ರಿ ಬಿಸುಪಿನ ನೀರಿನಲ್ಲಿ ಪಿಎಚ್ 7 ಇದ್ದರೆ ವಿಷದ ವೇಷದಲ್ಲಿರುವುದು ನೂರರಲ್ಲಿ ಒಂದು ಪಾಲಿಗಿಂತ ಕಡಿಮೆ. ಪಿಎಚ್ 8ಕ್ಕೆ ಏರಿದರೆ ಐದು ಪಾಲು ದಾಟುತ್ತದೆ. ನೀರಿಗೆ ಹೊಸದಾಗಿ ಒಂದು ತೊಟ್ಟು ಅಮೋನಿಯವನ್ನೂ ಸೇರಿಸದೆ, ಇದ್ದದ್ದರ ವಿಷವನ್ನು ಹತ್ತಿರ ಹತ್ತಿರ ಹತ್ತು ಪಟ್ಟು ಮಾಡುವ ಶಕ್ತಿ ಆ ಎರಡು ಚಮಚಕ್ಕಿತ್ತು. ಬೆಳಗಾಗುವಷ್ಟರಲ್ಲಿ ಇನ್ನೆರಡು ದಾಸವಾಳದ ಬುಡ ಸೇರಿದವು. ಆ ವರ್ಷ ಆ ಗಿಡ ಹೂವು ಬಿಟ್ಟದ್ದೇ ಬಿಟ್ಟದ್ದು. ಸಾರಜನಕ ಎಲ್ಲಿಗೆ ತಲುಪಬೇಕಿತ್ತೋ ಅಲ್ಲಿಗೆ ಅಡ್ಡದಾರಿಯಲ್ಲಿ ತಲುಪಿತು.

ಮಾರನೆಯ ವಾರ ಇನ್ನೊಂದು. ಈಗ ಉಳಿದದ್ದು ಮೂರು: ಎರಡು ಹೊನ್ನು, ಒಂದು ಕಪ್ಪು.

ಹೌದು, ಕಪ್ಪು. ಮನೆಯ ದೃಷ್ಟಿಯನ್ನು ಹೀರಿಕೊಂಡು ಮೊದಲು ಸಾಯಬೇಕಾಗಿದ್ದ ಮೀನು ಉಬ್ಬುಗಣ್ಣು ಬಿಟ್ಟುಕೊಂಡು, ಸಹೋದ್ಯೋಗಿಗಳ ಪಾಲಿನ ಕಾಳನ್ನೂ ತಿಂದು, ನಿಧಿಯ ಪೆಟ್ಟಿಗೆಯ ಪಕ್ಕದಲ್ಲಿ ಠೀವಿಯಿಂದ ಓಡಾಡುತ್ತಿತ್ತು. ರಾಯರಿಗೆ ಇದು ಶುದ್ಧ ಕರ್ತವ್ಯಲೋಪವಾಗಿ ಕಂಡಿತು. “ಅದನ್ನು ತಂದದ್ದೇ ಆ ಕೆಲಸಕ್ಕೆ,” ಎಂದು ಗಾಜಿನ ಮುಂದೆ ನಿಂತು ಅದಕ್ಕೆ ಕೇಳುವಂತೆ ಹೇಳುವರು. ಕಾರಣ ಕೇಳಿ ನೋಟಿಸು ಕೊಡುವುದೊಂದು ಬಾಕಿ. ಜೋಯಿಸರು ಮಾತ್ರ ಸೋಲಲಿಲ್ಲ: ದೃಷ್ಟಿ ಅಷ್ಟು ದೊಡ್ಡದಿತ್ತು, ಒಂದಕ್ಕೆ ಬೀಳಬೇಕಾದ್ದು ಆರಕ್ಕೆ ಹಂಚಿಹೋಯಿತು, ನಿಮ್ಮ ಮನೆ ಉಳಿಯಿತು ಎಂದು ಇನ್ನೊಂದು ಸೆಟ್ ಮೀನಿಗೆ ಮುಹೂರ್ತ ಹೇಳಿದರು. ರಾಯರ ಹೆಂಡತಿ ಹೊಸ ನೇಮಕಾತಿಗೆ ನಿಷೇಧ ಹೊರಡಿಸಿದರು.

ಈ ಹಂತದಲ್ಲಿ ಮೀನುಗಳ ಅದೃಷ್ಟಕ್ಕೆ ರಾಯರ ಸೊಂಟ ಹಿಡಿಯಿತು. ನೀರಿನ ಬಕೆಟ್ ಎತ್ತಿ ಎತ್ತಿ ಹಿಡಿದದ್ದು; ಹತ್ತು ದಿನ ಮೇಲೇಳಬಾರದು ಎಂದು ಡಾಕ್ಟರು ಮಲಗಿಸಿದರು. ಮಂಚದ ಮೇಲಿಂದಲೇ ತೊಟ್ಟಿ ಕಾಣುತ್ತಿತ್ತು. ದಿನದಿಂದ ದಿನಕ್ಕೆ ಗಾಜಿನ ಮೇಲೆ ತೆಳ್ಳಗೆ ಕಂದು ಬಣ್ಣ ಕೂರುತ್ತಿತ್ತು, ಈಶಾನ್ಯ ಮೂಲೆಯ ಎಳೆಬಿಸಿಲಿಗೆ ಅಂಚಿನಲ್ಲಿ ಹಸಿರು ಹತ್ತುತ್ತಿತ್ತು, ಸ್ಪಂಜು ಕಾಫಿ ಬಣ್ಣಕ್ಕೆ ತಿರುಗುತ್ತಿತ್ತು. ಅದನ್ನು ನೋಡುತ್ತ ಮಲಗಿದವರ ಮುಖ ನೋಡಲಾಗುತ್ತಿರಲಿಲ್ಲ. ಬಿ.ಪಿ. ಇಳಿಸಲು ತಂದ ತೊಟ್ಟಿ.

ಆ ಹತ್ತು ದಿನಗಳ ಕೊನೆಯಲ್ಲಿ ಮೂರು ಮೀನುಗಳೂ ಮತ್ತೆ ಮೇಲೆ ಬಂದು ಬಾಯಿ ಬಿಡತೊಡಗಿದವು. ರಾಯರ ಹೆಂಡತಿಗೆ ಈಗ ಅನುಮಾನವೇ ಉಳಿಯಲಿಲ್ಲ. ಗಂಡನಿಗೂ ಸೊಂಟ, ಮೀನಿಗೂ ಉಬ್ಬಸ, ಯಾರದೋ ಕಣ್ಣು ಬಿದ್ದಿದೆ. ಸಂಜೆ ದೀಪ ಹಚ್ಚಿ ಒಂದು ಹಿಡಿ ಕಲ್ಲುಪ್ಪು, ಒಣಮೆಣಸಿನಕಾಯಿ ತೆಗೆದುಕೊಂಡು ಗಂಡನಿಗೂ ತೊಟ್ಟಿಗೂ ಸೇರಿಸಿ ನಿವಾಳಿಸಿದರು. ಮೆಣಸಿನಕಾಯಿಯನ್ನು ತಾವು ಒಲೆಗೆ ಹಾಕಲು ಹೋಗುತ್ತ ಉಪ್ಪನ್ನು ಮೊಮ್ಮಗನ ಕೈಗಿತ್ತು, “ಪುಟ್ಟಾ, ಇದನ್ನ ನೀರಿಗೆ ಹಾಕಿಬಿಡು” ಎಂದರು. ಬಚ್ಚಲಿನ ಬಕೆಟ್ಟು ದೂರವಿತ್ತು. ಹತ್ತಿರದ ನೀರು ಯಾವುದಿತ್ತೋ ಅದಕ್ಕೆ ಅವನು ಹಾಕಿದ.

ರಾತ್ರಿ ಹತ್ತರ ಹೊತ್ತಿಗೆ ಮೀನುಗಳು ಮೇಲಿನಿಂದ ಇಳಿದವು. ಬೆಳಗ್ಗೆ ನೋಡಿದರೆ ಮೂರೂ ಓಡಾಡುತ್ತಿವೆ. ಆಕೆ ದೃಷ್ಟಿಗೆ ಜಯವೆಂದರು. ರಾಯರು ಮಲಗಿದಲ್ಲಿಂದಲೇ ಷರಾ ಬರೆಸಿದರು: ‘ಕಾರಣ ತಿಳಿದುಬಂದಿಲ್ಲ’.

ಕಾರಣ ಮಹಡಿ ಮೇಲಿತ್ತು. ಬಾಡಿಗೆಗಿದ್ದ ಉಡುಪಿಯ ಹುಡುಗಿ ಮಂಗಳೂರಿನ ಮೀನುಗಾರಿಕೆ ಕಾಲೇಜಿನಲ್ಲಿ ಓದಿದವಳು. ದೇಶದಲ್ಲೇ ಆ ವಿದ್ಯೆಗೆ ಮೊದಲು ಶುರುವಾದ ಕಾಲೇಜು ಅದು, 1969ರಿಂದ ಇದೆ. ಎರಡು ವರ್ಷದಿಂದ ಅವಳು ಇವರ ಮಹಡಿ ಮೆಟ್ಟಿಲು ಹತ್ತಿ ಇಳಿಯುತ್ತಿದ್ದರೂ ಏನು ಓದಿದ್ದೀಯಮ್ಮಾ ಎಂದು ರಾಯರು ಕೇಳಿರಲಿಲ್ಲ. ಅಡ್ವಾನ್ಸ್ ಎಷ್ಟು ಎಂಬುದಷ್ಟೇ ಕಡತದಲ್ಲಿತ್ತು. ಬಾಡಿಗೆ ಕೊಡಲು ಇಳಿದವಳು ತೊಟ್ಟಿಯನ್ನು ನೋಡಿದಳು, ರಿಜಿಸ್ಟರನ್ನು ನೋಡಿದಳು, ಬಿಸಿಲಿಗೆ ಒಣಗಿಸುವ ಸ್ಪಂಜಿನ ಕಥೆ ಕೇಳಿದಳು.

“ಎಂಥ ಮಾಡಿದ್ದು ಅಂಕಲ್ ನೀವು? ಇಲ್ಲಿ ಕೆಲಸ ಮಾಡುವವರನ್ನೆಲ್ಲ ಬಿಸಿನೀರಿಗೆ ಹಾಕಿ ಕೊಂದಿದ್ದೀರಲ್ಲ ಮಾರಾಯ್ರೆ!”

ಯಾರನ್ನು ಎಂದು ರಾಯರು ಗಾಬರಿಯಾದರು. ಅವಳು ಕೂತು ಹೇಳಿದಳು. ಕಲ್ಲಿನ ಮೇಲೆ, ಗಾಜಿನ ಮೇಲೆ, ಎಲ್ಲಕ್ಕಿಂತ ಹೆಚ್ಚಾಗಿ ಸ್ಪಂಜಿನ ಸಂದುಗಳಲ್ಲಿ ಕಣ್ಣಿಗೆ ಕಾಣದ ಬ್ಯಾಕ್ಟೀರಿಯಾಗಳು ನೆಲೆಯೂರುತ್ತವೆ. ಒಂದು ಬಗೆಯವು ಅಮೋನಿಯ ತಿಂದು ನೈಟ್ರೈಟ್ ಮಾಡುತ್ತವೆ. ಇನ್ನೊಂದು ಬಗೆಯವು ಆ ನೈಟ್ರೈಟ್ ತಿಂದು ನೈಟ್ರೇಟ್ ಮಾಡುತ್ತವೆ. ನೈಟ್ರೇಟ್ ಮೀನಿಗೆ ಅಷ್ಟೇನೂ ತೊಂದರೆಯದಲ್ಲ, ವಾರಕ್ಕೊಮ್ಮೆ ಕಾಲು ಭಾಗ ನೀರು ಬದಲಿಸಿದರೆ ಸಾಕು. ಈ ಪರಿವಾರ ಪೂರ್ತಿ ನೆಲೆಗೊಳ್ಳಲು ನಾಲ್ಕರಿಂದ ಆರು ವಾರ ಬೇಕು. ರಾಯರು ಹತ್ತು ದಿನ ಮಲಗಿದ್ದರಿಂದ ಮೊದಲ ಬಗೆಯವು ಬಂದು ಸೇರಿದ್ದವು, ಎರಡನೆಯವು ಇನ್ನೂ ಬರಬೇಕಿತ್ತು. ನಡುವೆ ಸಿಕ್ಕಿಬಿದ್ದ ನೈಟ್ರೈಟ್ ಮೀನಿನ ರಕ್ತವನ್ನು ಕಂದಾಗಿಸಿ, ಅದು ಆಮ್ಲಜನಕ ಹೊರಲಾಗದಂತೆ ಮಾಡಿತ್ತು. ಉಪ್ಪಿನಲ್ಲಿರುವ ಕ್ಲೋರೈಡ್ ನೈಟ್ರೈಟಿಗೆ ಕಿವಿರಿನ ಬಾಗಿಲಲ್ಲೇ ಅಡ್ಡ ನಿಲ್ಲುತ್ತದೆ. ಮೊಮ್ಮಗ ಹಾಕಿದ ಹಿಡಿ ಉಪ್ಪು ಮಾಡಿದ್ದು ಅದನ್ನೇ. ಮೀನು ಸಾಕುವವರು ಬೇಕೆಂದೇ ಮಾಡುವ ಚಿಕಿತ್ಸೆ ಅದು.

“ನೋಡಿದ್ರಾ, ದೃಷ್ಟಿ ತೆಗೆದದ್ದೇ ಸರಿ,” ಎಂದರು ರಾಯರ ಹೆಂಡತಿ. ಅದಕ್ಕೆ ವಿಜ್ಞಾನದ ಬಳಿ ಉತ್ತರವಿರಲಿಲ್ಲ.

ರಾಯರಿಗೆ ಕಾಣದ ಸಿಬ್ಬಂದಿಯ ವಿಷಯದಲ್ಲಿ ಅನುಮಾನ ಹೋಗಲಿಲ್ಲ. ಹೆಸರೇನು, ಹುದ್ದೆಯೇನು ಎಂದು ಕೇಳಿ ಬರೆದುಕೊಂಡರು. ಅಮೋನಿಯ ವಿಭಾಗಕ್ಕೆ ನೈಟ್ರೊಸೊಮೊನಾಸ್. ನೈಟ್ರೈಟ್ ವಿಭಾಗಕ್ಕೆ ನೈಟ್ರೊಬ್ಯಾಕ್ಟರ್ ಎಂದು ಹಳೆಯ ಪುಸ್ತಕಗಳಲ್ಲಿರುತ್ತದೆ, ಆದರೆ ಅಕ್ವೇರಿಯಂಗಳಲ್ಲಿ ಆ ಕೆಲಸ ಹೆಚ್ಚಾಗಿ ಮಾಡುವುದು ನೈಟ್ರೊಸ್ಪೈರಾ ಎಂದು 1990ರ ದಶಕದಲ್ಲಿ ಗೊತ್ತಾಯಿತು ಎಂದಳು ಹುಡುಗಿ. ರಾಯರ ಪೆನ್ನು ನಿಂತಿತು.

“ಅಂದರೆ ಇಷ್ಟು ವರ್ಷ ಕೆಲಸ ಒಬ್ಬ ಮಾಡಿದ್ದು, ಹಾಜರಾತಿ ಇನ್ನೊಬ್ಬನ ಹೆಸರಲ್ಲಿ?”

“ಹಾಗೇ ಅಂದುಕೊಳ್ಳಿ.”

“ಯಾರೂ ಪತ್ತೆ ಮಾಡಲಿಲ್ಲ?”

“2015ರಲ್ಲಿ ಇನ್ನೊಂದು ಗೊತ್ತಾಯ್ತು ಅಂಕಲ್. ಕೆಲವು ನೈಟ್ರೊಸ್ಪೈರಾಗಳು ಎರಡೂ ವಿಭಾಗದ ಕೆಲಸವನ್ನು ಒಂದೇ ಮಾಡ್ತವೆ.”

ಎರಡು ಹುದ್ದೆಯ ಕೆಲಸ ಒಬ್ಬನೇ, ಅದೂ ಭತ್ಯೆ ಇಲ್ಲದೆ! ಜೀವಮಾನದಲ್ಲಿ ಮೊದಲ ಬಾರಿಗೆ ರಾಯರ ಮುಖದಲ್ಲಿ ಒಂದು ಸೂಕ್ಷ್ಮಾಣುಜೀವಿಯ ಬಗ್ಗೆ ಗೌರವ ಕಾಣಿಸಿತು.

ಗೌರವ ಬಂದದ್ದು ನಿಜ, ಆದರೆ ಮಾರನೆಯ ಸಂಜೆ ಅದು ಪರೀಕ್ಷೆಗೆ ಒಳಗಾಯಿತು. ಹುಡುಗಿ ತನ್ನ ಕಚೇರಿಯ ಹಳೆಯ ತೊಟ್ಟಿಯ ಸ್ಪಂಜೊಂದನ್ನು ಕವರಿನಲ್ಲಿ ತಂದು, ರಾಯರು ನೋಡುತ್ತಿದ್ದಂತೆಯೇ ಅವರ ತೊಟ್ಟಿಯೊಳಗೆ ಹಿಂಡಿದಳು. ಕದಡು ಕದಡಾಗಿ ಕಂದು ಹೊಲಸು ಇಳಿಯಿತು. ರಾಯರು ಕಣ್ಣು ಮುಚ್ಚಿ ಕುರ್ಚಿಯ ಕೈ ಹಿಡಿದುಕೊಂಡರು. “ಏನೂ ಇಲ್ಲ, ಹಾಲಿಗೆ ಹೆಪ್ಪು ಹಾಕಿದ ಹಾಗೆ, ಅಷ್ಟೇ ಅಲ್ವೇನಮ್ಮಾ?” ಎಂದರು ಹೆಂಡತಿ. ಹೌದು ಆಂಟಿ ಎಂದಳು ಅವಳು, ಮೊಸರಿನಷ್ಟು ಬೇಗ ಆಗುವುದಿಲ್ಲ, ವಾರಗಟ್ಟಲೆ ಮುಟ್ಟದೆ ಬಿಡಬೇಕು, ಸ್ಪಂಜನ್ನು ನಲ್ಲಿಯ ಕೆಳಗೆ ಹಿಡಿಯಲೇಬಾರದು, ಕೊಳಕು ತೀರಾ ಹೆಚ್ಚಾದರೆ ತೊಟ್ಟಿಯದೇ ನೀರು ಒಂದು ಬೋಗುಣಿಯಲ್ಲಿ ತೆಗೆದುಕೊಂಡು ಅದರಲ್ಲಿ ಮೆಲ್ಲಗೆ ಒಮ್ಮೆ ಹಿಂಡಬಹುದು, ಅಷ್ಟೇ. ಪುರಿ ನಿಲ್ಲಿಸಿ, ಕಾಳು ಎರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟು ಮಾತ್ರ, ಗೋಲ್ಡ್‌ಫಿಶ್ ದೊಡ್ಡದಾಗಿ ಬೆಳೆಯುವ ಜಾತಿ, ಈ ತೊಟ್ಟಿಗೆ ಮೂರೇ ಹೆಚ್ಚು. ಮಾತು ಮುಗಿಯುವ ಮೊದಲೇ ಹೆಂಡತಿ ಬಕೆಟ್ಟು, ಬ್ರಷ್ಷು, ಜರಡಿ ಮೂರನ್ನೂ ಅಟ್ಟಕ್ಕೆ ಸೇರಿಸಿ ಏಣಿಯನ್ನು ಪಕ್ಕದ ಮನೆಗೆ, ಅಂದರೆ ನಮ್ಮ ಮನೆಗೆ, ಸಾಗಿಸಿದರು. ಏಣಿ ಇನ್ನೂ ನಮ್ಮಲ್ಲೇ ಇದೆ.

ಆದರೆ ತೊಳೆಯುವ ಕೈಯನ್ನು ಸುಮ್ಮನೆ ಕೂರಿಸಲಾಗುತ್ತದೆಯೇ? ಹುಡುಗಿ ಆ ತಲೆಯನ್ನೂ ಓಡಿಸಿದ್ದಳು. ನೀರು ಪರೀಕ್ಷಿಸುವ ಕಿಟ್ ಒಂದನ್ನು ತಂದುಕೊಟ್ಟಳು. ಸಣ್ಣ ಗಾಜಿನ ನಳಿಗೆಗಳು, ಹನಿ ಬಾಟಲಿಗಳು, ಬಣ್ಣದ ಪಟ್ಟಿ. ಅಮೋನಿಯ ಇದ್ದರೆ ಹಳದಿಯಿಂದ ಹಸಿರು, ನೈಟ್ರೈಟ್ ಇದ್ದರೆ ತಿಳಿನೀಲಿಯಿಂದ ನೇರಳೆ, ನೈಟ್ರೇಟ್ ಇದ್ದರೆ ಹಳದಿಯಿಂದ ಕೆಂಪು. ಮೊದಲ ನಳಿಗೆ ಹಸಿರಾದಾಗ ರಾಯರು ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಕಣ್ಣಿಗೆ ಕಾಣದ್ದಕ್ಕೂ ವೋಚರ್ ಉಂಟು!

ಅಲ್ಲಿಂದ ರಾಯರು ಬೇರೆ ಮನುಷ್ಯರಾದರು ಎಂದರೆ ಸುಳ್ಳಾಗುತ್ತದೆ. ಅದೇ ಮನುಷ್ಯ, ಕೈಗೆ ಬ್ರಷ್ಷಿನ ಬದಲು ನಳಿಗೆ ಬಂತು. ಬೆಳಗ್ಗೆ ಒಮ್ಮೆ, ಸಂಜೆ ಒಮ್ಮೆ ಪರೀಕ್ಷೆ, ರಿಜಿಸ್ಟರಿಗೆ ಮೂರು ಹೊಸ ಅಂಕಣ. ಅಮೋನಿಯ ಇಳಿಯಿತು, ನೈಟ್ರೈಟ್ ಏರಿ ನಿಂತು, ಒಂದು ದಿನ ತಟ್ಟನೆ ಸೊನ್ನೆಯಾಯಿತು, ನೈಟ್ರೇಟ್ ಮೆಲ್ಲಗೆ ತಲೆಯೆತ್ತಿತು. ಆ ಸೊನ್ನೆ ಬಂದ ದಿನ ಅವರು ರಸ್ತೆಗೆಲ್ಲ ಮೈಸೂರುಪಾಕು ಹಂಚಿದರು. ಯಾಕೆಂದು ಕೇಳಿದವರಿಗೆ “ನೈಟ್ರೈಟ್ ನಿಲ್” ಎಂದರು. ಮೂರನೇ ಕ್ರಾಸಿನವರೊಬ್ಬರು ಅದು ಮಗಳಿಗೆ ವಿದೇಶದಲ್ಲಿ ಸಿಕ್ಕ ಯಾವುದೋ ಡಿಗ್ರಿ ಎಂದುಕೊಂಡು ಅಭಿನಂದಿಸಿಹೋದರು. ಮೂರು ಮೀನುಗಳೂ ಕ್ಷೇಮ. ಕಪ್ಪಿನದರ ಮೇಲಿನ ಶಿಸ್ತುಕ್ರಮ ಕೈಬಿಡಲಾಗಿದೆ. ಗಾಜಿನ ಮೇಲಿನ ಕಂದು ಕಲೆ ಇನ್ನೂ ಇದೆ, ರಾಯರು ಆ ಕಡೆ ನೋಡುವಾಗ ಕನ್ನಡಕ ತೆಗೆಯುತ್ತಾರೆ.

ಕಿಟ್ಟಿನಲ್ಲಿ ಹನಿ ಇನ್ನೂ ಮಿಕ್ಕಿದ್ದು ತೊಂದರೆಯಾಯಿತು. ಪರಿಶೋಧನೆ ತೊಟ್ಟಿ ದಾಟಿತು. ದೇವರ ತೀರ್ಥ, ಎದುರು ಮನೆಯ ಸಂಪು, ಟ್ಯಾಂಕರ್ ನೀರು, ಎಳನೀರು. ನಮ್ಮ ಮನೆಯ ಸಾರಿನ ತಿಳಿಯನ್ನೂ ಒಂದು ಲೋಟ ಕೇಳಿದ್ದರು, ಹುಣಸೆಹಣ್ಣು ಇದೆ, ಬಣ್ಣ ಸಿಗುವುದಿಲ್ಲ ಎಂದು ನಾವು ತಪ್ಪಿಸಿಕೊಂಡೆವು. ಕಾವೇರಿ ಬಾರದ ದಿನ ಅವರ ಮನೆಯಲ್ಲಿ ಬೋರ್‌ವೆಲ್ ನೀರನ್ನೇ ಸೋಸಿ ಕುದಿಸಿ ಬಳಸುತ್ತಾರೆ. ಒಂದು ಬೆಳಗ್ಗೆ ಅದರ ಸರದಿ ಬಂತು. ನಾನೂ ಅಲ್ಲಿದ್ದೆ, ಪತ್ರಿಕೆ ತರಲು ಹೋದವನು. ನಳಿಗೆಯನ್ನು ಅಲುಗಿಸಿ ಐದು ನಿಮಿಷ ಕಾದರು. ಹಳದಿ ಕಿತ್ತಳೆಯಾಯಿತು, ಕಿತ್ತಳೆ ಕೆಂಪಾಯಿತು. ಪಟ್ಟಿಗೆ ಹಿಡಿದರೆ ನಲವತ್ತಕ್ಕೂ ಎಂಬತ್ತಕ್ಕೂ ನಡುವೆ. ಕುಡಿಯುವ ನೀರಿನಲ್ಲಿ ನೈಟ್ರೇಟ್ ಲೀಟರಿಗೆ 45 ಮಿಲಿಗ್ರಾಂ ದಾಟಬಾರದೆಂದು ಭಾರತೀಯ ಮಾನಕ ಹೇಳುತ್ತದೆ ಎಂಬುದು ಅವರಿಗೆ ಈಗ ಬಾಯಿಪಾಠ. ಕುದಿಸಿದರೆ ಅದು ಹೋಗುವುದೂ ಇಲ್ಲ, ನೀರು ಆವಿಯಾದಷ್ಟೂ ಮಿಕ್ಕದ್ದರಲ್ಲಿ ಗಟ್ಟಿಯಾಗುತ್ತದೆ. ಪಕ್ಕದಲ್ಲೇ ಮೀನಿನ ತೊಟ್ಟಿಯ ನಳಿಗೆ ಇತ್ತು. ಇಪ್ಪತ್ತರ ಬಣ್ಣ.

ರಾಯರು ಎರಡೂ ನಳಿಗೆಗಳನ್ನು ಅಕ್ಕಪಕ್ಕ ಹಿಡಿದು, ಇಳಿಸಿ, ಮತ್ತೆ ಹಿಡಿದು, ರಿಜಿಸ್ಟರ್ ತೆರೆದರು. ಅಡುಗೆಮನೆಯಿಂದ ಡಿಕಾಕ್ಷನ್ ಪಾತ್ರೆ ಹಿಡಿದು ಬಂದ ಹೆಂಡತಿ ಆ ಬಣ್ಣಗಳನ್ನೂ ನೋಡಿದರು, ಗಂಡನ ಮುಖವನ್ನೂ ನೋಡಿದರು.

“ಅಲ್ಲಾ ರೀ, ಹಾಗಾದ್ರೆ ಇನ್ನು ಮೇಲೆ ಕಾಫಿಗೆ ಮೀನಿನ ತೊಟ್ಟಿ ನೀರೇ ತಗೊಳ್ಲಾ?”

ರಾಯರು ತಲೆ ಎತ್ತಲಿಲ್ಲ.

“ತಾಳು,” ಎಂದರು, “ಇವತ್ತಿನ ಅಮೋನಿಯ ಇನ್ನೂ ನೋಡಿಲ್ಲ.”